ಐವತ್ತನೆಯ ಜಾಗ

ಶುಕ್ರವಾರ, ಸಂಜೆ

ಇವತ್ತಿಗೂ ಬಾಯಲ್ಲಿ ‘ನಮ್ಮೆಜಮಾನ್ರು’ ಎಂದೇ ಬರುವ ನಿಮಗೆ,

ಸೋಮವಾರ ಕೋರ್ಟಿನಲ್ಲಿ ನಾನು ವಿಚ್ಛೇದನಕ್ಕೆ ಒಪ್ಪಿಗೆ ಎಂದು, ಅಂದೇ ತೀರ್ಪೂ ಆದ ಮೇಲೆ ನೀವು ಕಳಿಸಿದ ಚೀಟಿ ತಲುಪಿತು. ನನಗೆ ಇಷ್ಟು ದೊಡ್ಡ ಮನಸ್ಸಿದೆ ಎಂದು ಗೊತ್ತಿರಲಿಲ್ಲ ಎಂದು ಬರೆದಿದ್ದೀರಿ. ಮೂರು ವರ್ಷ ಜಪ್ಪಯ್ಯ ಎಂದರೂ ಬಗ್ಗದವಳು ಈಗೇಕೆ ಒಪ್ಪಿದಳು ಎಂಬ ಆಶ್ಚರ್ಯವೂ ಅದರಲ್ಲಿದೆ. ಅತ್ತೆಯವರೂ ಫೋನ್ ಮಾಡಿ, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ ಅಂದರು. ಪಿಂಚಣಿ ದುಡ್ಡನ್ನೆಲ್ಲ ನಿಮ್ಮ ಶೇರಿಗೇ ಹಾಕಿದ್ದಾರಂತೆ, ಮಗನ ಕಂಪನಿ ತಾನೇ ಅಂದರು. ಹೌದತ್ತೆ, ಅಂದೆ.

ಇವತ್ತಿನ ಪ್ರಕಟಣೆ ಓದಿರುತ್ತೀರಿ. ಐವತ್ತು ಕಂಪನಿಗಳ ನಮ್ಮ ಶೇರುಪೇಟೆ ಸೂಚ್ಯಂಕದಲ್ಲಿ ಖಾಲಿಯಾಗಿದ್ದ ಒಂದು ಜಾಗ ಸಿಮೆಂಟಿನವರ ಪಾಲಾಯಿತು. ನಿಮಗೆ ಸಿಕ್ಕಿದ್ದರೆ, ಸೂಚ್ಯಂಕವನ್ನು ಹಿಂಬಾಲಿಸುವ ಫಂಡುಗಳೆಲ್ಲ ಕಣ್ಣುಮುಚ್ಚಿಕೊಂಡು ನಿಮ್ಮ ಶೇರು ಕೊಳ್ಳಬೇಕಿತ್ತು. ಈ ಸಲವೂ ಒಳಗೆ ಬರದಿದ್ದರೆ ಕುರ್ಚಿ ಬಿಡಿ ಎಂದು ನಿಮ್ಮ ನಿರ್ದೇಶಕರು ಹೇಳಿದ್ದು ನನಗೂ ಗೊತ್ತು. ಅಯ್ಯೋ ಪಾಪ ಅನ್ನಿಸಿತು.

ಹಿಂದೆ ಎರಡು ಸಲ ನಿಮ್ಮ ಕಂಪನಿಯ ವಿಷಯ ಬಂದಾಗಲೂ ನಾನು ಸೂಚ್ಯಂಕದ ಆಯ್ಕೆ ಸಮಿತಿಯ ಸಭೆಯಿಂದ ಎದ್ದು, ನೀರಿನ ಯಂತ್ರದ ಪಕ್ಕದ ಬೆಂಚಿನಲ್ಲಿ ಕೂರಬೇಕಾಯಿತು. ಗಂಡನ ಕಂಪನಿಯ ಬಗ್ಗೆ ಹೆಂಡತಿ ಮತ ಹಾಕುವ ಹಾಗಿಲ್ಲವಲ್ಲ. ಮನೆಯಿಂದಲೂ ಹೊರಗೆ, ಮೀಟಿಂಗಿಂದಲೂ ಹೊರಗೆ ಎಂದು ನೀವು ಆಡಿಕೊಂಡಿರಂತೆ. ನಿಮ್ಮ ಜಾಹೀರಾತು ವಿಭಾಗದವಳು, ಈಗ ಮದುವೆಯಾಗಲಿರುವವಳು, ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಸುದ್ದಿ ನನ್ನ ತನಕ ಬರುತ್ತದೆ ರೀ.

ಬುಧವಾರದ ಚರ್ಚೆ ನೀವು ಕೇಳಬೇಕಿತ್ತು. ನೀವು ‘ಕೊಡೆ ಮೇಷ್ಟ್ರು’ ಎಂದು ಗೇಲಿ ಮಾಡುವ ನಮ್ಮ ಅಧ್ಯಕ್ಷರೇ ನಿಮ್ಮ ಪರ ನಿಂತರು. ಇಷ್ಟು ದೊಡ್ಡ ಕಂಪನೀನ ಹೊರಗಿಟ್ಟರೆ ಇದು ಮಾರುಕಟ್ಟೆಯ ಸೂಚ್ಯಂಕ ಹೇಗಾಗುತ್ತೆ, ನಮಗೆ ಬೇಕಾದವರ ಪಟ್ಟಿ ಆಗುತ್ತೆ ಅಷ್ಟೇ, ಅಂದರು. ವಿಮಾ ಕಂಪನಿಯಿಂದ ಬಂದ ಹೆಂಗಸು ಒಪ್ಪಲಿಲ್ಲ. ಈಗಾಗಲೇ ಐದು ತಂತ್ರಜ್ಞಾನ ಕಂಪನಿಗಳೇ ಸೂಚ್ಯಂಕದ ಮೂರನೇ ಒಂದು ಭಾಗ ತೂಗುತ್ತಿವೆ, ಅವು ಬಿದ್ದ ದಿನ ಜನರ ಉಳಿತಾಯವೆಲ್ಲ ಜೊತೆಗೇ ಬೀಳುತ್ತೆ, ಆರನೆಯದು ಯಾಕೆ ಬೇಕು ಅಂದರು. ಇನ್ನೂ ಹುಟ್ಟದ ಗಿರಾಕಿಗಳನ್ನೂ ಲೆಕ್ಕಕ್ಕೆ ಹಿಡಿದು ಬೆಲೆ ಕಟ್ಟಿದ್ದಾರೆ ಎಂದು ಮತ್ತೊಬ್ಬರು ಹೇಳಿದಾಗ ಇಡೀ ಕೋಣೆ ಗೊಳ್ಳೆಂದಿತು. ಕೊನೆಗೆ ಒಂದೇ ಒಂದು ಮತದಲ್ಲಿ ನೀವು ಹೊರಗುಳಿದಿರಿ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬೂದು ಕೋಟು ಇಲ್ಲೇ ಬೀರುವಿನಲ್ಲಿದೆ, ಕೆಲಸ ಹುಡುಕುವಾಗ ಬೇಕಾದೀತು. ಡ್ರೈವರನ್ನು ಕಳಿಸಿ ತರಿಸಿಕೊಳ್ಳಿ, ಕಂಪನಿ ಕಾರು ಇನ್ನೂ ನಿಮ್ಮ ಹತ್ತಿರವೇ ಇದ್ದರೆ. ಅವಳಿಗೂ ನನ್ನ ನೆನಪು ಹೇಳಿ.

ಇಂತು,
ಈಗ ನಿಮಗೆ ಏನೂ ಆಗದ
ಮೊದಲನೆಯವಳು

ಮರೆತಿದ್ದೆ: ಈಗೇಕೆ ಒಪ್ಪಿದೆ ಎಂದು ಕೇಳಿದ್ದಿರಲ್ಲ. ನಮ್ಮ ನಿಯಮ ಎದ್ದು ಹೋಗು ಅನ್ನುವುದು ಹೆಂಡತಿಗೆ ಮಾತ್ರ. ಬಿಟ್ಟವಳ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಕೊಡೆ ಮೇಷ್ಟ್ರು ಎರಡು ಸಲ ಓದಿ ನೋಡಿ, ಸರಿ, ಕೂತಿರಮ್ಮ ಅಂದರು. ಎರಡೂ ಕಡೆ ಸಮಸಮ ಆಗಿದ್ದಾಗ ಕೈ ಎತ್ತಲು ಉಳಿದಿದ್ದವಳು ನಾನೊಬ್ಬಳೇ.

ಇನ್ನೊಂದು ಮಾತು. ಆ ಕೋಣೆಯಲ್ಲಿ ನಿಮ್ಮ ಲೆಕ್ಕಪತ್ರಗಳನ್ನು ನನ್ನಷ್ಟು ಚೆನ್ನಾಗಿ ಓದಿದವರು ಯಾರೂ ಇರಲಿಲ್ಲ. ನಿಮ್ಮ ಕಂಪನಿ ಆ ಬೆಲೆಗೆ ದುಬಾರಿಯಲ್ಲ, ಅಗ್ಗವೇ. ಆ ಜಾಗ ನ್ಯಾಯವಾಗಿ ನಿಮ್ಮದೇ ಆಗಿತ್ತು. ಅದು ಗೊತ್ತಿದ್ದೇ ಕೈ ಎತ್ತಿದೆ.