ಎರಡನೆಯ ಸೂಜಿ ತಪ್ಪಿದ ಹಂದಿಗಳು

ಮಾರ್ಚ್ ೧೧, ಮಂಗಳವಾರ

ಮುದ್ದು ಮಗಳಿಗೆ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಕೈನೋವೆಂದು ನೆಪ ಹೇಳುವುದಿಲ್ಲ. ಬರೆಯಲು ಧೈರ್ಯ ಬರಲಿಲ್ಲ, ಅಷ್ಟೇ. ಅಪ್ಪ ಚೆನ್ನಾಗಿದ್ದಾರೆ. ಫಾರ್ಮಿಗೆ ಬಂದ ಹೊಸ ತಳಿಯ ಹಂದಿಗಳಿಗೆ ತಿಂದದ್ದೆಲ್ಲ ಮೈಗೆ ಹತ್ತುತ್ತದಂತೆ, ಥೇಟ್ ನನ್ನ ಹಾಗೆ ಎಂದು ಕೆಣಕುತ್ತಾರೆ.

ಗಂಡ ಉದಾಸೀನ ಮಾಡಿ ಕೆಲಸ ಕಳೆದುಕೊಂಡರು, ಇಂಥವರ ಜೊತೆ ಬಾಳಲಾರೆ, ಮಗುವನ್ನು ಕರೆದುಕೊಂಡು ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಹೊರಡುವ ಮೊದಲು ಇದನ್ನು ಓದು.

ಫಾರ್ಮಿನಲ್ಲಿ ಗಂಡು ಹಂದಿಮರಿಗಳ ಬೀಜ ತೆಗೆಯುವುದನ್ನು ಬಿಟ್ಟು ಈಗ ಎರಡು ಸೂಜಿ ಹಾಕುತ್ತಾರೆ. ಮರಿಗೆ ನೋವಿಲ್ಲ, ಬೆಳವಣಿಗೆಯೂ ಜೋರು. ಆದರೆ ಎರಡನೆಯ ಸೂಜಿ ತಪ್ಪಿದರೆ ಮಾಂಸ ಬೇಯುವಾಗ ಗಬ್ಬು ನಾತ ಏಳಬಹುದು. ಅಳಿಯಂದಿರ ಕೆಲಸ ಹೋದ ಆ ಸಲ ಒಂಬತ್ತು ಹಂದಿಗಳಿಗೆ ಎರಡನೆಯ ಸೂಜಿಯ ಮದ್ದು ಸಾಲದೆ ಹೋಯಿತು. ಸೂಜಿ ಹಾಕುತ್ತಿದ್ದ ಅವರು ಬೇಡವೆಂದರೂ ಕೇಳದೆ ಮೇಲಿನವರು ಅವನ್ನೂ ಲಾರಿಗೆ ಹತ್ತಿಸಿದರು. ಅಳಿಯಂದಿರು ನಾನಿದ್ದ ಕಸಾಯಿಖಾನೆಗೆ ಓಡಿಬಂದು ಕಿವಿಯ ನಂಬರುಗಳ ಚೀಟಿಯನ್ನು ನನ್ನ ಕೈಗಿಟ್ಟರು. "ಅತ್ತೆ, ಈ ಒಂಬತ್ತನ್ನು ಮೂಸಿ ನೋಡದೆ ಬಿಡಬೇಡಿ" ಎಂದರು.

ಕಾದ ಕಬ್ಬಿಣವನ್ನು ಕೊಬ್ಬಿಗೆ ತಾಗಿಸಿ ಹೊಗೆ ಮೂಸುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಒಂಬತ್ತಕ್ಕೂ ಸರಿಯಿದೆಯೆಂದು ಮುದ್ರೆ ಒತ್ತಿದೆ. ನಾಲ್ಕೇ ದಿನಕ್ಕೆ ನಾತವೆಂದು ಮಾಂಸವೆಲ್ಲ ವಾಪಸು ಬಂತು.

ಮ್ಯಾನೇಜರು ಇಬ್ಬರನ್ನೂ ಕರೆಸಿದರು. ನನಗೆ ಯಾರೂ ಚೀಟಿ ಕೊಟ್ಟಿಲ್ಲ ಎಂದುಬಿಟ್ಟೆ. ಅಳಿಯಂದಿರು ಒಮ್ಮೆ ನನ್ನ ಮುಖ ನೋಡಿದರು.

"ಹೌದು ಸರ್, ನಾನೇ ಕೊಡೋದು ಮರೆತೆ" ಎಂದರು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು. ನಿನ್ನ ಹತ್ತಿರವೂ ಬಾಯಿ ಬಿಟ್ಟಿಲ್ಲ ಎಂದು ನಿನ್ನ ಪತ್ರದಿಂದ ತಿಳಿದು ನಾಚಿಕೆಯಿಂದ ಕುಗ್ಗಿಹೋದೆ. ನಿನ್ನೆ ಮ್ಯಾನೇಜರ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ಕೆಲಸ ಬಿಟ್ಟುಬಂದೆ. ಅಳಿಯಂದಿರನ್ನು ಮತ್ತೆ ಕೆಲಸಕ್ಕೆ ಕರೆಯುವ ಬಗ್ಗೆ ಯೋಚಿಸುತ್ತಾರಂತೆ. ಮ್ಯಾನೇಜರು ಕರೆಯಲಿ, ಬಿಡಲಿ, ನೀನು ಗಂಡನ ಕೈ ಬಿಡಬೇಡ. ಮೂವರೂ ನೂರು ಕಾಲ ತಣ್ಣಗಿರಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಒಂಬತ್ತನ್ನೂ ಮೂಸಿದ್ದೆ ಮಗಳೇ. ಹೋದ ವರ್ಷದ ಜ್ವರದಲ್ಲೇ ನನ್ನ ಮೂಗು ಸತ್ತಿತ್ತು. ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ. ನೀನು ಮೊದಲ ಸಲ ಮಗುವನ್ನು ನನ್ನ ಮಡಿಲಲ್ಲಿ ಹಾಕಿದಾಗ ನೆತ್ತಿ ಮೂಸಿ, ನಿನ್ನದೇ ವಾಸನೆ ಎಂದು ಅತ್ತೆನಲ್ಲ, ಆವತ್ತು ನನ್ನ ಮೂಗಿಗೆ ಏನೂ ಬಂದಿರಲಿಲ್ಲ.