ನಾಯಿಗಂಜಿ ಮನೆಯ ನಾಪ್ಲಾ

ಕಿಲ್‌ಗ್ಲಾಶಿನ್, ಕಾರ್ಕ್ ಸೀಮೆ
ಸೋಮವಾರ, ೨೫ ಮಾರ್ಚ್ ೧೯೬೮

ಪ್ರೀತಿಯ ಫಿನೀನ್ ಅಣ್ಣಾ,

ಹೇಗಿದ್ದೀಯ? ಬಸ್ಸು ಓಡಿಸಿ ಓಡಿಸಿ ಹಿಡಿದುಕೊಂಡಿದ್ದ ನಿನ್ನ ಸೊಂಟ ಸ್ವಲ್ಪವಾದರೂ ಸಡಿಲವಾಯಿತೇ? ಕವೆಂಟ್ರಿಯ ಚಳಿ ಹೋಗುವವರೆಗೆ ಅಮ್ಮ ಹೆಣೆದ ಸ್ವೆಟರ್ ಹಾಕಿಕೋ, ಬಣ್ಣ ಚೆನ್ನಾಗಿಲ್ಲವೆಂದು ಪೆಟ್ಟಿಗೆಯಲ್ಲಿ ಇಡಬೇಡ. ಡೋರೀನ್ ಅತ್ತಿಗೆಯನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು. ಅಮ್ಮ ಗಟ್ಟಿಯಾಗಿದ್ದಾಳೆ. ಮಂಡಿ ನೋವಿದೆ, ಬಾಯಿಗೆ ಯಾವ ನೋವೂ ಇಲ್ಲ.

ನಿನ್ನ ಕಾಗದ ಬುಧವಾರ ಬಂತು. "ಆ ನಾಟಕ ಆಡ್ಬೇಡ ಗೊಬ್ನೆಟ್, ಸತ್ತೋಳ್ನ ಎಬ್ಬಿಸಿ ಮನೆ ಮರ್ಯಾದೆ ತೆಗೀಬೇಡ" ಅಂತ ಬರೆದಿದ್ದೆ. ಓದಿದೆ, ಮಡಚಿಟ್ಟೆ, ನಿನ್ನೆ ಭಾನುವಾರ ಮಧ್ಯಾಹ್ನ ಊರಿನ ಸಭಾಭವನದಲ್ಲಿ ನಾಟಕ ಆಡಿದೆ. ಬೇರೆಯವರು ಉಪ್ಪುಖಾರ ಹಚ್ಚಿ ನಿನಗೆ ತಲುಪಿಸುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಿನ್ನ ಸಿಟ್ಟು ನನಗೆ ಅರ್ಥವಾಗುವುದಿಲ್ಲವೆಂದು ತಿಳಿಯಬೇಡ. ಶಾಲೆಯ ದಾರಿಯಲ್ಲಿ ನಮ್ಮಿಬ್ಬರನ್ನು ಕಂಡರೆ ಹುಡುಗರು ಬೌ ಬೌ ಅನ್ನುತ್ತಿದ್ದರು. "ನಾಯಿಗಂಜಿ ಮನೆಯೋರು ಬಂದ್ರು, ತಟ್ಟೆ ಇಡ್ರೋ!" ನೀನು ಹೊಡೆದಾಡಿ ಮೂಗು ಒಡೆದುಕೊಂಡು ಬಂದರೆ ಅಮ್ಮ ಒರೆಸುತ್ತಾ ಒಂದೇ ಮಾತು ಹೇಳುತ್ತಿದ್ದಳು, "ಬಾಯಿ ಮುಚ್ಕೊಂಡಿರಿ, ತಾನಾಗೇ ಮರೀತಾರೆ." ಮರೆತರೇ? ನೀನು ಹಡಗು ಹತ್ತಿ ಕವೆಂಟ್ರಿಗೆ ಹೋದೆ. ಅಲ್ಲಿ ಪಕ್ಕದ ಕೆರಿ ಸೀಮೆಯವನೆಂದು ಹೇಳಿಕೊಂಡೆ, ಕಟ್ಟಿಕೊಂಡ ಹೆಂಡತಿಗೂ ಹಾಗೆಯೇ ಹೇಳಿದೆ. ನಾನು ಇಲ್ಲೇ ಉಳಿದೆ. ಹಾಲಿನ ಡೈರಿಯಲ್ಲಿ ಸಾಲಿನಲ್ಲಿ ನಿಂತಾಗ ಇವತ್ತಿಗೂ ನನ್ನ ಹಿಂದೆ ಯಾರೋ ಒಬ್ಬ ಮೆಲ್ಲಗೆ ಬೊಗಳುತ್ತಾನೆ.

ನಾಪ್ಲಾ ಏನು ಮಾಡಿದ್ದಳು ಅಣ್ಣಾ? ಅಜ್ಜ ಹೇಳುತ್ತಿದ್ದುದನ್ನು ಇಂಗ್ಲಿಷ್ ಬಸ್ಸು ಓಡಿಸುತ್ತಾ ಮರೆತಿರಬೇಕು ನೀನು. ನೂರಿಪ್ಪತ್ತು ವರ್ಷದ ಹಿಂದೆ, ಆಲೂಗಡ್ಡೆ ನೆಲದಲ್ಲೇ ಕೊಳೆತು ಬರ ಬಿದ್ದ ವರ್ಷ, ನಮ್ಮ ಮುತ್ತಜ್ಜನ ಈ ಅಕ್ಕ ಜಮೀನ್ದಾರರ ದೊಡ್ಡಮನೆಯಲ್ಲಿ ಕೆಲಸದವಳು. ಊರು ಹಸಿವಿನಿಂದ ಸಾಯುತ್ತಿದ್ದಾಗ ಆ ಮನೆಯ ಬೇಟೆನಾಯಿಗಳಿಗೆ ದಿನಾ ಹಂಡೆಗಟ್ಟಲೆ ಓಟ್ಸ್ ಗಂಜಿ ಬೇಯುತ್ತಿತ್ತು. ಬೇಯಿಸುವವಳು ಇವಳೇ. ಹಿತ್ತಲ ಬಾಗಿಲಿಗೆ ಬಂದವರಿಗೆ ಆ ಗಂಜಿಯನ್ನು ಬಡಿಸಿದಳು, ಸಿಕ್ಕಿಬಿದ್ದಳು. ನ್ಯಾಯಸ್ಥಾನದಲ್ಲಿ "ಕದ್ದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ದುಭಾಷಿ ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದ. ಅವಳು "ಹುಗಸ್" ಎಂದಳು. ನಮ್ಮ ಮಾತಿನಲ್ಲಿ ಕೊಟ್ಟೆ ಅನ್ನುವುದಕ್ಕೂ ಅದೇ, ಒಯ್ದೆ ಅನ್ನುವುದಕ್ಕೂ ಅದೇ. ಮುಂದಿನ ಮಾತು ಬಂದರಷ್ಟೇ ಯಾವುದೆಂದು ತಿಳಿಯುವುದು. "ಅವರಿಗೆ" ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ದುಭಾಷಿ "ತೊಗೊಂಡೆ ಅಂತಾಳೆ ಸ್ವಾಮಿ" ಎಂದು ಮುಗಿಸಿಬಿಟ್ಟ. ಏಳು ವರ್ಷದ ಗಡೀಪಾರು, ಸಮುದ್ರದಾಚೆಗೆ. ಮತ್ತೆ ಬರಲೇ ಇಲ್ಲ. ಅವಳ ಗಂಜಿ ಕುಡಿದು ಬದುಕಿದವರ ಮರಿಮಕ್ಕಳು ನಮಗೆ ಬೊಗಳುತ್ತಾರೆ, ನಾವು ಬಾಯಿ ಮುಚ್ಚಿಕೊಂಡಿರಬೇಕು! ನನ್ನ ಕೈಲಿ ಆಗುವುದಿಲ್ಲ.

ಒಬ್ಬಳೇ ಯಾಕೆ ಆಡಬೇಕು ಎಂದು ನೀನು ಕೇಳಿದ್ದೆ. ನಮ್ಮ ನಾಟಕ ಮಂಡಳಿಯಲ್ಲಿ ಜೊತೆಗೆ ನಿಲ್ಲಲು ಯಾರೂ ಒಪ್ಪಲಿಲ್ಲ, ಅದಕ್ಕೆ. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಕುಣಿತಗಳು ನಡೆಯದ ಕಾರಣ ಜನ ನಾಟಕಕ್ಕೆ ಬಂದೇ ಬರುತ್ತಾರೆ, ಆಡಲು ಮಾತ್ರ ಹೆದರುತ್ತಾರೆ. ಹೋಗಲಿ ಬಿಡು. ನ್ಯಾಯಾಧೀಶನಿಗೆ ಒಂದು ಖಾಲಿ ಕುರ್ಚಿ, ದುಭಾಷಿಗೆ ಒಂದು ಹಳೆಯ ಟೋಪಿ, ನನಗೆ ಒಂದು ಸೌಟು, ಮುಗಿಯಿತು.

ಶುಕ್ರವಾರ ಹಾರ್ಟ್ನೆಟ್ ಮನೆಗೆ ಬಂದ. ಗೊತ್ತಲ್ಲ, ಅಂಗಡಿಯವನು, ಈಗ ಸಭಾಭವನದ ಅಧ್ಯಕ್ಷ. ಅಮ್ಮ ಸುಟ್ಟ ಬ್ರೆಡ್ಡಿಗೆ ಅರ್ಧ ಬೆಣ್ಣೆ ಖಾಲಿ ಮಾಡಿ ಆಮೇಲೆ ವಿಷಯಕ್ಕೆ ಬಂದ. "ದೊಡ್ಡಮನೆ ಕರ್ನಲ್ ಸಾಹೇಬ್ರು ಮುಂದಿನ ಸಾಲಲ್ಲಿ ಕೂತಿರ್ತಾರಮ್ಮ. ನಮ್ಮ ಭವನದ ಹೊಸ ಹೆಂಚು ಅವರು ಕೊಡಿಸಿದ್ದು. ಕೊನೇಲಿ ಕೆಲಸದೋಳು ಕ್ಷಮೆ ಕೇಳಿದ್ಲು, ಯಜಮಾನ್ತಿ ಕ್ಷಮಿಸಿದ್ಲು ಅಂತ ಮುಗಿಸ್ಬಿಡು. ಇಲ್ದಿದ್ರೆ ಆ ಬಾಗಿಲು ನಿಂಗೆ ಇನ್ಮೇಲೆ ತೆಗೆಯಲ್ಲ." ನಾನೆಂದೆ, "ಹೆಂಚು ಅವರದ್ದಾದ್ರೆ ಬಿಚ್ಕೊಂಡು ಹೋಗ್ಲಿ, ಮಾತು ನಮ್ಮದು." ಅಮ್ಮ ಬೆಣ್ಣೆ ತಟ್ಟೆ ಎತ್ತಿಟ್ಟಳು, ಅಷ್ಟೇ. ನಾಟಕಕ್ಕೆ ಬರುವುದಿಲ್ಲ ಎಂದು ಶನಿವಾರವೆಲ್ಲ ಗೊಣಗಿದಳು.

ಭಾನುವಾರ ಕಾಲಿಡಲು ಜಾಗವಿರಲಿಲ್ಲ. ನಾನು ರಂಗಕ್ಕೆ ಬಂದು ಸೌಟು ಕೈಗೆತ್ತಿಕೊಂಡೆನೋ ಇಲ್ಲವೋ, ಹಿಂದಿನಿಂದ ಒಬ್ಬ ಬೌ ಎಂದ. ಅರ್ಧ ಜನ ನಕ್ಕರು. ಇಳಿದು ಓಡಿಹೋಗೋಣ ಅನ್ನಿಸಿತು ಅಣ್ಣಾ, ಸುಳ್ಳು ಹೇಳುವುದಿಲ್ಲ. ಆದರೆ ಸೌಟು ಚಾಚಿ, ನಾಪ್ಲಾ ಆಗಿಯೇ ಕೂಗಿದೆ, "ಬಾರೋ ಮಗಾ, ನಿಮ್ಮ ಮುತ್ತಜ್ಜಿ ನಾಚ್ಕೊಳ್ದೆ ಬಂದಿದ್ಲು, ನಿಂಗೂ ಒಂದು ಸೌಟು ಉಳಿದಿದೆ!" ಆಗ ಇಡೀ ಭವನ ನಕ್ಕಿತು, ಈ ಸಲ ನನ್ನ ಪರವಾಗಿ.

ಕೊನೆಗೆ ಆ ಖಾಲಿ ಕುರ್ಚಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದೆ. "ಅಲ್ಲಿ ನನ್ನ ಮಾತು ಮುಗಿಸೋಕೆ ಬಿಡ್ಲಿಲ್ಲ. ನೀವು ಹೇಳಿ. ನಿಮಗೆ ನಾನು ಕೊಟ್ಟೆನಾ?" ಎಂದು ಕೇಳಿದೆ. ಹಾರ್ಟ್ನೆಟ್ ಬದಲಿಸು ಎಂದಿದ್ದ ಕೊನೆ ಇದೇ. ನಮ್ಮ ಮಾತಿನಲ್ಲಿ ಬರೀ ಹೌದು ಎಂದು ತಲೆಯಾಡಿಸಿ ತಪ್ಪಿಸಿಕೊಳ್ಳಲು ಪದವೇ ಇಲ್ಲವಲ್ಲ, ನೀನು ಕೊಟ್ಟೆ ಎಂದೇ ಬಾಯಿಬಿಟ್ಟು ಹೇಳಬೇಕು. ಯಾರೂ ಹೇಳಲಿಲ್ಲ. ಕರ್ನಲ್ ಸಾಹೇಬರು ತಮ್ಮ ಬೂಟು ನೋಡುತ್ತಿದ್ದರು. ಆಗ ಬಾಗಿಲ ಹತ್ತಿರದಿಂದ ಒಂದು ದನಿ ಬಂತು, "ಹುಗಿಶ್. ನೀನು ಕೊಟ್ಟೆ ಕಣೇ ತಾಯಿ, ಕೊಟ್ಟೆ." ನಮ್ಮ ಅಮ್ಮ! ಕೋಟಿನ ಗುಂಡಿ ಹಾಕಿಕೊಳ್ಳದೆ ಓಡಿ ಬಂದಿದ್ದಳು. ಆಮೇಲೆ ಹಿಂದಿನಿಂದ ಇನ್ನೊಬ್ಬ "ಹುಗಿಶ್" ಎಂದ. ಬೊಗಳಿದವನ ದನಿಯೇ ಅದು, ಆಣೆ ಮಾಡಿ ಹೇಳುತ್ತೇನೆ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಕೊನೆಗೆ ಎಲ್ಲರೂ. ನನಗೆ ಅಳು ತಡೆಯಲಿಲ್ಲ.

ಇವತ್ತು ಬೆಳಿಗ್ಗೆ ಭವನಕ್ಕೆ ಹೊಸ ಬೀಗ ಬಿದ್ದಿದೆ. ಬೀಳಲಿ. ದನದ ಕೊಟ್ಟಿಗೆಯಲ್ಲಿ ಆಡುತ್ತೇನೆ.

ಮಕ್ಕಳ ಕೆನ್ನೆಗೆ ಅಜ್ಜಿಯದೂ ಅತ್ತೆಯದೂ ಮುತ್ತು. ದೇವರೂ ನಾಪ್ಲಾಳೂ ನಿನ್ನ ಬಸ್ಸನ್ನು ಕಾಯಲಿ.

ನಿನ್ನ ಹಟಮಾರಿ ತಂಗಿ,
ಗೊಬ್ನೆಟ್

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ಈಸ್ಟರ್ ಕಳೆದ ಮೇಲಿನ ಶನಿವಾರ ನಿಮ್ಮ ಕವೆಂಟ್ರಿಯಲ್ಲಿ ನಮ್ಮವರ ಕ್ಲಬ್ಬಿನಲ್ಲಿ ನಾಟಕಕ್ಕೆ ಕರೆದಿದ್ದಾರೆ, ಒಪ್ಪಿದ್ದೇನೆ. ಪೋಸ್ಟರಿನಲ್ಲಿ 'ನಾಯಿಗಂಜಿ ಮನೆಯ ಗೊಬ್ನೆಟ್' ಎಂದೇ ಅಚ್ಚಾಗುತ್ತದೆ, ನಿಮ್ಮ ಡಿಪೋದ ಗೋಡೆಗೂ ಅಂಟಿಸುತ್ತಾರಂತೆ. ಅಷ್ಟರೊಳಗೆ ಅತ್ತಿಗೆಗೆ ನೀನೇ ಹೇಳು. ನಾನು ಇಳಿದುಕೊಳ್ಳುವುದು ನಿಮ್ಮ ಮನೆಯಲ್ಲೇ, ಕೆರಿಯವನ ತಂಗಿಯಾಗಿ ಅಲ್ಲ. ನಾಟಕದ ದಿನ ಬೇಕಾದರೆ ಹಿಂದಿನ ಸಾಲಿನಲ್ಲೇ ಕೂತುಕೋ. ಕೊನೆಗೆ ನಾನು ಕೇಳುತ್ತೇನೆ, ಎಲ್ಲರೂ ಸುಮ್ಮನಿರುತ್ತಾರೆ. ಅಲ್ಲಿ ಅಮ್ಮ ಇರುವುದಿಲ್ಲ ಅಣ್ಣಾ.