ಕೊಂಡಿ ಸೇರದ ಸರ

ಅಕ್ಕಾ,

ಕೆಮ್ಮು ಬಿಟ್ಟಿದೆ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ, ನೀನು ಕೊರಗಬೇಡ. ಇಲ್ಲಿ ಕುಂಬಾರರೊಬ್ಬರು ನೀಲಿ ಬಣ್ಣದ ಮಣ್ಣಿನ ಪದಕಗಳನ್ನು ಸುಟ್ಟು ತರುತ್ತಾರೆ. ಒಂದರ ಹಾಗೆ ಇನ್ನೊಂದಿಲ್ಲ. ಪ್ರತಿ ಪದಕಕ್ಕೂ ಒಪ್ಪುವ ಮಣಿಗಳನ್ನು ಆರಿಸಿ ಸರ ಪೋಣಿಸುವುದು ನನ್ನ ಕೆಲಸ. ನಿನ್ನೆ ಅಂಗಡಿಯ ಯಜಮಾನಿ ನಾನು ಪೋಣಿಸಿದ ಒಂದು ಸರ ಹಾಕಿಕೊಳ್ಳಲು ಹೋದರೆ ಹಿಂದೆ ಕೊಂಡಿ ಸೇರಲೇ ಇಲ್ಲ. "ಬಣ್ಣ ಏನೋ ಚೆನ್ನಾಗಿ ಕೂತಿದೆ, ಆದ್ರೆ ಇದನ್ನ ಯಾರ ಕುತ್ತಿಗೆಗೆ ಮಾಡಿದ್ದಮ್ಮ?" ಎಂದರು. ಅಳತೆಪಟ್ಟಿ ಪಕ್ಕದಲ್ಲೇ ಇತ್ತು. ಆದರೂ ಕೈ ತನ್ನ ಪಾಡಿಗೆ, ನಿನ್ನ ಮಡಿಲಿಗೆ ಹಾಕಿ ಬಂದ ನನ್ನ ಮಗಳ ಅಳತೆಗೇ ಗಂಟು ಹಾಕಿಬಿಟ್ಟಿತ್ತು.

ಪುಟ್ಟಿ ಈಗ ಬೆಳೆದಿರುತ್ತಾಳೆ. ಅವಳ ಕುತ್ತಿಗೆಗೊಂದು ದಾರ ಸುತ್ತಿ, ಅಷ್ಟನ್ನು ಕತ್ತರಿಸಿ ಲಕೋಟೆಯಲ್ಲಿ ಕಳಿಸು. ಕಾರ್ಡು ತುಂಬಿತು. ಮೆಲ್ಲಗೆ ಸುತ್ತು, ಅವಳಿಗೆ ಅಲ್ಲಿ ಕಚಗುಳಿ.

ನಿನ್ನ ತಂಗಿ